ಮಾತಾಡುವ ಜಲ್ಲಿ

ಮಾರ್ಚ್ ೧೪, ಶುಕ್ರವಾರ

ದೇವರೇ, ಗೇಟಿನಿಂದ ಬಾಗಿಲವರೆಗೆ ಕಾಂಕ್ರೀಟ್ ಹಾಕಿಸೋಣವೆಂದ ಯಜಮಾನರ ಮಾತು ಮೀರಿ ಜಲ್ಲಿಯೇ ಬೇಕೆಂದಿದ್ದೆ. ತಪ್ಪಾಯಿತೇನೋ ಎಂದು ಬೆಳಗಿನಿಂದ ಮನಸ್ಸು ಕೊರೆಯುತ್ತಿತ್ತು.

ಅತ್ತೆಗೆ ಕಣ್ಣು ಹೋದ ಮೇಲೆ ಹಳೆಯ ಜಲ್ಲಿಯ ಸದ್ದೇ ಕಣ್ಣಾಗಿತ್ತು. ಯಾರು ಬಂದರೂ ಹೆಜ್ಜೆಯಲ್ಲೇ ಗುರುತು ಹಿಡಿಯುತ್ತಿದ್ದರು. ಅದು ಮಣ್ಣಿನಲ್ಲಿ ಹೂತುಹೋಗಿ ಸದ್ದಡಗಿದ ಮೇಲೆ, ಯಾರು ಹತ್ತಿರ ಬಂದು ಮಾತಾಡಿದರೂ ಬೆಚ್ಚಿಬೀಳುತ್ತಿದ್ದರು. ಜಗಲಿಗೆ ಬರುವುದನ್ನೇ ಬಿಟ್ಟರು.

ಇವತ್ತು ಹೊಸ ಜಲ್ಲಿ ಹರಡಿದರು. ಮೇಸ್ತ್ರಿ ರೋಲರ್ ತಂದಾಗ ಅಡ್ಡ ನಿಂತೆ.

"ಮೇಲಿನದನ್ನ ಒತ್ತಬೇಡಪ್ಪ, ಅದು ಮಾತಾಡ್ಬೇಕು."

"ಜಲ್ಲಿ ಮಾತಾಡುತ್ತಾ ಅಮ್ಮಾ?" ಎಂದು ನಕ್ಕ.

"ನಮ್ಮತ್ತೆ ಹತ್ರ ಮಾತಾಡುತ್ತೆ."

ಸಂಜೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿದೆ. ಗೇಟು ಕಿರುಗುಟ್ಟಿತು, ಜಲ್ಲಿ ಕರಕರ ಎಂದಿತು.

"ಬಂದ ನೋಡು ನಿನ್ನ ಗಂಡ, ಎಮ್ಮೆ ಥರ ಕಾಲೆಳ್ಕೊಂಡು!"

ಕಾಂಕ್ರೀಟ್ ಬೇಕೆಂದಿದ್ದ ಇವರೇ ಗೇಟಿನವರೆಗೆ ಹೋಗಿ ಇನ್ನೊಮ್ಮೆ ನಡೆದು ಬಂದರು.

ಪರೀಕ್ಷೆ ಮಾಡೋಣವೆಂದು ನಾನು ಚಪ್ಪಲಿ ಬಿಟ್ಟು ಬೆಕ್ಕಿನಂತೆ ಹೆಜ್ಜೆಯಿಟ್ಟೆ.

"ಬರಿಗಾಲಲ್ಲಿ ಯಾಕೇ ಬಂದೆ, ಚುಚ್ಚಲ್ವಾ?" ಎಂದರು ಅತ್ತೆ.

ಚುಚ್ಚಿತು, ದೇವರೇ. ಅಂಗಾಲು ಇನ್ನೂ ಚುರುಚುರು ಎನ್ನುತ್ತಿದೆ. ಇವತ್ತು ನಿನ್ನ ಹತ್ತಿರ ಕೇಳುವುದೇನೂ ಇಲ್ಲ.