ಕೋಲ್ಟನ್‌ನ ಟ್ರಕ್ಕಿಗೆ ಗಾಳಿಕಿಂಡಿ

ಜೂನ್ ೪, ಯೂಮಾ

ಸೆಕೆ ತಾಳಲಾರದೆ ನನ್ನ ಗಂಡ ಡಾರೆಲ್ ಮನೆಯೊಳಗೆ ಬಂದೇ ಬರುತ್ತಾನೆಂದು ನಂಬಿದ್ದೆ. ಮಗ ಕೋಲ್ಟನ್ ತೀರಿಕೊಂಡಾಗಿನಿಂದ ಅವನು ಮಲಗುವುದು ಅಂಗಳದಲ್ಲಿ ನಿಂತಿರುವ ಮಗನ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ, ಸಾಮಾನು ಹೇರುವ ಜಾಗದ ಮೇಲೆ ಮುಚ್ಚಿಗೆಯಂತೆ ಕೂರಿಸಿದ ಫೈಬರ್ ಗೂಡಿನಲ್ಲಿ. ಇವತ್ತು ಅದರ ಚಾವಣಿ ಕೊರೆದು ಗಾಳಿಕಿಂಡಿ ಕೂರಿಸಿದ.

"ನೋರಾ, ಒಳಗಿಂದ ಚೌಕಟ್ಟು ಒತ್ತಿ ಹಿಡ್ಕೊ. ಸ್ಕ್ರೂ ಹಾಕ್ತೀನಿ."

ಹಿಡಿದುಕೊಂಡೆ. ಒಳಗೆ ಕುಲುಮೆಯ ಕಾವು.

"ಮನೇಲಿ ಏಸಿ ಇದೆಯಲ್ಲೋ," ಎಂದೆ.

"ಅಲ್ಲಿ ಅವನ ಕೋಣೆ ಬಾಗ್ಲು ಕಾಣ್ಸುತ್ತೆ ಕಣೇ."

ಸುತ್ತ ಅಂಟು ಬಳಿದ. ಆರಿದ ಮೇಲೆ ನೀರು ಸುರಿದು ನೋಡಿದೆವು. ಒಂದು ಹನಿಯೂ ಸೋರಲಿಲ್ಲ.

"ಇನ್ನು ಬೇಸಿಗೆ ಪೂರ್ತಿ ಇಲ್ಲೇ ಇರ್ಬಹುದು," ಎಂದ. ಎಷ್ಟೋ ದಿನಗಳ ಮೇಲೆ ಅವನ ಮುಖ ಸಡಿಲವಾಗಿತ್ತು. ಚೆನ್ನಾಗಿದೆ ಎಂದೆ. ಬೇರೇನು ಹೇಳಲಿ?

ಮನೆಯೊಳಗೆ ನಮ್ಮ ಹಾಸಿಗೆಯಲ್ಲಿ ಅವನ ಜಾಗದ ತುಂಬ ಒಗೆದ ಬಟ್ಟೆ ಬಿದ್ದಿದೆ. ಮಡಚಿ ತೆಗೆದಿಡಬೇಕು, ಆದರೆ ತೆಗೆದುಬಿಟ್ಟರೆ ಆ ಜಾಗ ಖಾಲಿ ಕಾಣುತ್ತದೆ.