ಎರಡನೆಯ ಆನಾ ಬಾರ್ಬರಾ

ಕಾಸ್ಪರನ ಕಣಿವೆ, ಪೆನ್ಸಿಲ್ವೇನಿಯಾ
ಫೆಬ್ರವರಿ ಮೂವತ್ತು, ೨೩೧೨

ವತ್ಸಲಾ ಅಜ್ಜಿಗೆ,

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳುವ ಅಗತ್ಯವಿಲ್ಲ. ನಿನ್ನ ಕಾಲದ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲವೆಂದು ನನಗೂ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳಿಗೆ ಹೆಸರಿಲ್ಲ, ಅಂದು ಯಾರೂ ಕೆಲಸ ಮಾಡುವುದಿಲ್ಲ. ನನ್ನ ಕನ್ನಡ ನಿನಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ರೂಢಿಯಂತೆ ಕ್ಷಮೆ ಕೇಳುತ್ತೇನೆ, ಈ ಓಲೆಯಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಧಾರವಾಡದಿಂದ ನೀನು ತಂದ ಮಾತು ಹತ್ತು ತಲೆಮಾರು ದಾಟಿ ನನ್ನ ಬಾಯಿಗೆ ಬಂದಿದೆ; ದಾರಿಯಲ್ಲಿ ಸವೆದಿದ್ದರೆ ತಪ್ಪು ನನ್ನದಲ್ಲ. ನಮ್ಮ ಮನೆಯಲ್ಲಿ ಅಜ್ಜಿಯರನ್ನು ಏಕವಚನದಲ್ಲೇ ಕರೆಯುತ್ತೇವೆ. ಇವತ್ತು ಮಾತ್ರ ಅದನ್ನು ಸಲಿಗೆ ಎಂದುಕೊಳ್ಳಬೇಡ.

ನಾನು ಮಂದಾಕಿನಿ ವೈಡ್ನರ್, ನಿನ್ನ ಮಗನ ಕಡೆಯಿಂದ ಇಳಿದು ಬಂದವಳು. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಇದು ಮುಂದಕ್ಕೆ ಹೋಗದೆ ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆ, ಮತ್ತು ಒಬ್ಬರಿಗೆ ಇಡೀ ಬದುಕಿನಲ್ಲಿ ಒಂದೇ ಸಿಗುತ್ತದೆ. ಬಹುಪಾಲು ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನನಗೂ ಒಬ್ಬ ತಾಯಿ ಇದ್ದಳು, ಅವಳಿಗೆ ಹೇಳುವುದೂ ಬೇಕಾದಷ್ಟಿತ್ತು. ಅದನ್ನೆಲ್ಲ ನುಂಗಿಕೊಂಡು ನಿನಗೆ ಬರೆಯಬೇಕಾಗಿ ಬಂತು.

ನೀನು ಈಗ ಏನು ಮಾಡುತ್ತಿದ್ದೀಯೆಂದು ಬಲ್ಲೆ. ನಿವೃತ್ತಿಯಾದ ಮೇಲೆ ನಿನಗೆ ಗಂಡನ ವಂಶದ ಮೂಲ ಹುಡುಕುವ ಹುಚ್ಚು ಹತ್ತಿದೆ. ರೈನ್ ನದಿಯ ದಡದ ಹಳ್ಳಿಯಿಂದ ಹೆಂಡತಿ ಮಾರ್ಗರೇಟಾಳನ್ನು ಕರೆದುಕೊಂಡು ಹಡಗು ಹತ್ತಿ, ಫಿಲಡೆಲ್ಫಿಯಾದಲ್ಲಿ ಇಳಿದು, ಈ ದೇಶಕ್ಕೆ ಇನ್ನೂ ದೇಶವೆಂಬ ಹೆಸರೇ ಇಲ್ಲದಿದ್ದಾಗ ಈ ಕಣಿವೆಗೆ ನಡೆದು ಬಂದ ನೇಕಾರ ಯೋಹಾನ್ ಕಾಸ್ಪರ್ ವೈಡ್ನರ್ ನಿನ್ನ ತಲೆಯಲ್ಲಿ ಮನೆ ಮಾಡಿದ್ದಾನೆ. ಅವನ ಮಗ್ಗ ಎಲ್ಲಿತ್ತು, ಯಾವ ಕಲ್ಲಿನಲ್ಲಿ ಮನೆ ಕಟ್ಟಿದ, ಯಾವ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ, ಎಲ್ಲ ಕೆದಕಿ ಕೆದಕಿ ತೆಗೆದಿದ್ದೀಯ. ನಿನ್ನ ತವರಿನ ದೇಸಾಯರ ಬಗ್ಗೆ ಅರ್ಧ ಪುಟವನ್ನೂ ಬರೆಯದವಳು ಪರದೇಶಿ ಮಾವನ ಮುತ್ತಾತಂದಿರಿಗೆ ದಪ್ಪ ಪುಸ್ತಕ ಬರೆದಿದ್ದೀಯ. ಮುಂದಿನ ಬೇಸಿಗೆಯಲ್ಲಿ ವೈಡ್ನರ್ ಬಳಗ ಸೇರಿದಾಗ ಹಂಚುವುದಕ್ಕೆಂದು ಅದನ್ನು ಅಚ್ಚಿಗೆ ಕಳಿಸಲಿದ್ದೀಯ. ಕಳಿಸುವ ಮುಂಚೆ ಇದನ್ನು ಓದು.

ನಿನ್ನ ಕಾಲದವರು ಎಲ್ಲವನ್ನೂ ಯಂತ್ರದ ನೆನಪಿಗೆ ಒಪ್ಪಿಸಿ ಕೈತೊಳೆದುಕೊಂಡರು. ಆ ನೆನಪು ಒಂದು ವಾರದಲ್ಲಿ ಅಳಿದುಹೋಯಿತು. ನಾವು ಅದಕ್ಕೆ ದೊಡ್ಡ ಅಳಿಕೆ ಎನ್ನುತ್ತೇವೆ. ಈ ಕಣಿವೆಯಲ್ಲಿ ಉಳಿದದ್ದು ಕಲ್ಲಿನ ಚರ್ಚು ಮತ್ತು ಅದರ ಕಪಾಟಿನಲ್ಲಿದ್ದ ನಿನ್ನ ಪುಸ್ತಕ. ಇಲಿಗಳಿಗೂ ಅದು ರುಚಿಸಲಿಲ್ಲವೆಂದು ಕಾಣುತ್ತದೆ. ಈಗ ನಮಗೆ ಹೊಳೆಯಿಲ್ಲ, ಬಾವಿಯ ನೀರು ಉಪ್ಪು. ಗುಡ್ಡದ ಮೇಲೆ ಬಲೆ ಕಟ್ಟಿ ಇಬ್ಬನಿ ಹಿಡಿಯುತ್ತೇವೆ, ಬೆಳಿಗ್ಗೆ ಎದ್ದ ಕೂಡಲೇ ಕೊಡ ಹಿಡಿದು ಬಲೆಯ ಕೆಳಗೆ ಸಾಲು ನಿಲ್ಲುತ್ತೇವೆ. ಬಿಸಿಲು ಏರಿರುವುದರಿಂದ ನಿಮ್ಮ ಕಡೆಯ ಬಿಳಿಜೋಳ ಇಲ್ಲಿ ಚೆನ್ನಾಗಿ ಬರುತ್ತದೆ. ಜೋಳದ ರೊಟ್ಟಿಗೆ ಕಾಸ್ಪರನ ಕಡೆಯ ಹುಳಿ ಹಿಡಿಸಿದ ಎಲೆಕೋಸು ಹಚ್ಚಿಕೊಂಡು ತಿನ್ನುತ್ತೇವೆ. ನಿನಗೆ ಅದು ಸೇರದಿರಬಹುದು, ನಮಗೆ ಅದೇ ಹಬ್ಬದೂಟ. ನೀರು ಎಲ್ಲರಿಗೂ ಸಾಲದು. ಹಾಗಾಗಿ ಬೇರುಸಭೆ ಎಂಬುದೊಂದಿದೆ. ಕಾಸ್ಪರನಿಂದ ಹುಟ್ಟಿದವರಿಗೆ ಕಣಿವೆಯ ಹಕ್ಕು. ಬೇರೆಯವರು ಅತಿಥಿಗಳು, ನೀರಿರುವಷ್ಟು ದಿನ ಇರಬಹುದು. ಯಾರು ಕಾಸ್ಪರನಿಂದ ಹುಟ್ಟಿದವರು ಎಂದು ತೀರ್ಮಾನಿಸುವುದು ನಿನ್ನ ಪುಸ್ತಕ. ಭಾನುವಾರ ಅದನ್ನು ನಿಂತುಕೊಂಡು ಓದುತ್ತಾರೆ. ಧಾರವಾಡದಲ್ಲಿ ಯಾರಾದರೂ ಹೇಳಿದ್ದರೆ ನೀನೇ ನಗುತ್ತಿದ್ದೆ.

ನನ್ನ ಗಂಡನ ಹೆಸರು ಟೋಬಿಯಾಸ್ ಹೂಬರ್. ಇಬ್ಬನಿಯ ಬಲೆ ಹೆಣೆಯುವುದು, ಹರಿದದ್ದನ್ನು ರಿಪೇರಿ ಮಾಡುವುದು ಅವನ ಕೆಲಸ. ಹೂಬರ್ ಮನೆಯವರು ಕಾಸ್ಪರನ ಮಗಳು ಆನಾ ಬಾರ್ಬರಾಳ ಸಂತತಿ. ನಿನ್ನ ಪುಸ್ತಕ ಮಾತ್ರ ಅಲ್ಲ ಎನ್ನುತ್ತದೆ. ಚರ್ಚಿನ ಹಿಂದೆ ಆನಾ ಬಾರ್ಬರಾ ಎಂದು ಕೆತ್ತಿದ ಮಗುವಿನ ಗೋರಿಕಲ್ಲನ್ನು ನೀನು ನೋಡಿದೆ. ನಾಲ್ಕು ವರ್ಷಕ್ಕೆ ತೀರಿಕೊಂಡಿದ್ದಳು. ಕಲ್ಲಿನ ಮುಂದೆ ಕೂತು ಅತ್ತೆನೆಂದೂ ಬರೆದಿದ್ದೀಯ. ಆ ಕಣ್ಣೀರಿನ ಕೆಳಗೇ ಈ ಸಾಲಿದೆ: ‘ಸತ್ತ ಮಗುವಿನ ಹೆಸರನ್ನು ಇನ್ನೊಂದು ಮಗುವಿಗೆ ಯಾವ ತಾಯಿಯೂ ಇಡಲಾರಳು. ಆದ್ದರಿಂದ ಹೂಬರ್ ಮನೆಯವರು ಹೇಳಿಕೊಳ್ಳುವ ಆನಾ ಬಾರ್ಬರಾ ನಮ್ಮ ಕಾಸ್ಪರನ ಮಗಳಲ್ಲ.’

ಯಾವ ತಾಯಿಯೂ ಇಡಲಾರಳೆಂದು ನಿನಗೆ ಹೇಳಿದವರು ಯಾರು? ನಿಮ್ಮ ಓಣಿಯಲ್ಲಿ ಇಡುತ್ತಿರಲಿಲ್ಲ, ಅಪಶಕುನ ಎನ್ನುತ್ತಿದ್ದರು, ಒಪ್ಪಿದೆ. ಮಾರ್ಗರೇಟಾ ನಿಮ್ಮ ಓಣಿಯವಳಲ್ಲ. ಅವಳ ಜನ ಹೋದ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಟ್ಟೇ ಇಡುತ್ತಿದ್ದರು, ಅಜ್ಜಿಯ ಹೆಸರು, ಹೆರಿಗೆ ಮಾಡಿಸಿದವಳ ಹೆಸರು ಮನೆಯಿಂದ ಕಳಚಿಹೋಗಬಾರದೆಂದು. ಮೊದಲ ಆನಾ ಬಾರ್ಬರಾ ಮಣ್ಣಾದ ಮರುವರ್ಷ ಎರಡನೆಯವಳು ಹುಟ್ಟಿದಳು, ಬೆಳೆದಳು, ಕಮ್ಮಾರ ಹೂಬರನನ್ನು ಮದುವೆಯಾದಳು. ಹೂಬರ್ ಮನೆಯ ಮುದುಕಿ ಮಿಲ್ಡ್ರೆಡ್ ಇದನ್ನು ನಿನಗೆ ಬಾಯಿಬಿಟ್ಟು ಹೇಳಿದಳು. ‘ಆ ಹಿರಿಯರ ಮನಸ್ಸು ನೋಯಿಸಬಾರದೆಂದು ನಾನು ವಾದಿಸಲಿಲ್ಲ’ ಎಂದು ಅಡಿಟಿಪ್ಪಣಿಯಲ್ಲಿ ಹಾಕಿಕೊಂಡಿದ್ದೀಯ. ಎಂಥ ದೊಡ್ಡ ಮನಸ್ಸು ಅಜ್ಜಿ ನಿನ್ನದು. ಮುದುಕಿಗೆ ಕಾಫಿ ಕೊಟ್ಟು, ನಕ್ಕು, ಮನೆಗೆ ಬಂದು ಅವಳ ವಂಶವನ್ನೇ ಕತ್ತರಿಸಿ ಹಾಕಿದೆ.

ಈ ವರ್ಷ ಇಬ್ಬನಿ ಬೀಳುವುದು ಕಡಿಮೆಯಾಗಿದೆ. ಬೇರುಸಭೆ ಅತಿಥಿಗಳನ್ನು ಹೊರಗೆ ಕಳಿಸುತ್ತಿದೆ. ಕಣಿವೆಯ ಹೊರಗೆ ಬೀಸುವುದು ಉಪ್ಪುಗಾಳಿ. ಟೋಬಿಯಾಸನಿಗೆ ಹುಟ್ಟಿದಾಗಿನಿಂದ ಎದೆ ಸರಿಯಿಲ್ಲ, ಮಾಳಿಗೆ ಹತ್ತಿದರೆ ಏದುಸಿರು. ಅಂಥವರು ಹೊರಗೆ ಹೆಚ್ಚೆಂದರೆ ಎರಡು ವರ್ಷ ಬಾಳುತ್ತಾರೆ. ಸಭೆಯಲ್ಲಿ ಅವನು ತನ್ನನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡ. ನನ್ನ ಜೊತೆ ಬಾಳಿ ಅವನಿಗೂ ನಮ್ಮ ಮಾತೇ ಬಂದಿದೆ.

“ನಮ್ಮಣ್ಣ ಟೋಬಿಯಾಸ್ ಜ್ವರಾ ಬಂದು ತೀರಿಕೊಂಡ ಮ್ಯಾಲೆ ನಾ ಹುಟ್ಟೀನಿ. ಅವನ ಹೆಸರ ನನಗ ಇಟ್ಟಾರ. ನಮ್ಮ ಮನಿಯಾಗ ಮೊದಲಿಂದ ಹಿಂಗ. ನನ್ನ ನೋಡ್ರಿ, ನಾ ಇಲ್ಲೇನು?”

ಸಭೆಯ ಹಿರಿಯ ಗಾಟ್‌ಫ್ರೀಡ್ ಕಾಕಾ ಕೆಟ್ಟವನಲ್ಲ. ನಮ್ಮ ಮದುವೆಯಲ್ಲಿ ಬಡಿಸಿದವನು. ಪುಸ್ತಕದ ಮೇಲೆ ಕೈಯಿಟ್ಟು ಹೇಳಿದ: “ನಿಮ್ಮವ್ವ ಏನ ಮಾಡ್ಯಾಳ ಅಂತ ಯಾಕ ಹೇಳ್ತಿ ತಮ್ಮಾ. ಯಾವ ತಾಯಿನೂ ಇಡೂದಿಲ್ಲ ಅಂತ ವತ್ಸಲಜ್ಜಿ ಬರದಾಳ. ಆಕಿ ಕಲಿತಾಕಿ.”

ಕಣ್ಣೆದುರು ನಿಂತ ಮನುಷ್ಯನಿಗಿಂತ ನಿನ್ನ ಒಂದು ಸಾಲು ಹೆಚ್ಚಾಯಿತು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಳೆಗಾಲದ ಹೊತ್ತಿಗೆ, ಮಳೆ ಬರುವುದಿಲ್ಲವಾದರೂ ಆ ಹೆಸರು ಉಳಿದಿದೆ, ಅವನು ಹೊರಡಬೇಕು. ನಾನೂ ಅವನ ಜೊತೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಹೋಗಿ ಅವನು ಸಾಯುವುದನ್ನು ಹತ್ತಿರದಿಂದ ನೋಡಬಹುದು, ಅಷ್ಟೇ.

ಆದ್ದರಿಂದ ನಿನ್ನಿಂದ ನನಗೆ ಬೇಕಾದದ್ದು ಇದು. ಮಿಲ್ಡ್ರೆಡ್ ಇನ್ನೂ ಬದುಕಿದ್ದಾಳೆ, ನಿನ್ನ ಮನೆಯಿಂದ ದೂರವೇನಲ್ಲ. ಹೋಗಿ ಅವಳ ಮುಂದೆ ಕೂತು ಪೂರ್ತಿ ಕೇಳು. ನಗಬೇಡ. ಆಮೇಲೆ ಆ ಸಾಲನ್ನು ಹೊಡೆದುಹಾಕಿ, ಕಾಸ್ಪರನಿಗೆ ಆನಾ ಬಾರ್ಬರಾ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು, ಎರಡನೆಯವಳಿಂದ ಹೂಬರ್ ಮನೆತನ ಬೆಳೆಯಿತು ಎಂದು ಬರೆ. ನಿನಗೆ ಒಂದು ಮಧ್ಯಾಹ್ನದ ಕೆಲಸ.

ಇದರ ಬೆಲೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಸುಲಭವಾಗಿ ಬರೆದೆ ಎಂದು ನೀನು ತಿಳಿಯಬಾರದು. ಈ ಸಣ್ಣ ಕಣಿವೆಯಲ್ಲಿ ಮಕ್ಕಳು ಊನವಾಗಿ ಹುಟ್ಟತೊಡಗಿದ ಮೇಲೆ ಒಂದೇ ಬೇರಿನವರು ಮದುವೆಯಾಗಬಾರದೆಂದು ಕಟ್ಟಳೆಯಾಗಿದೆ. ನಿಮ್ಮಲ್ಲಿ ಸಗೋತ್ರ ಎನ್ನುತ್ತಿದ್ದಿರಲ್ಲ, ಹಾಗೆಯೇ. ಟೋಬಿಯಾಸ್ ಅತಿಥಿಯಾಗಿದ್ದನೆಂದೇ ನನಗೆ ಅವನನ್ನು ಕೊಟ್ಟರು. ನೀನು ತಿದ್ದಿದ ಗಳಿಗೆಯಿಂದ ಅವನು ಕಾಸ್ಪರನ ಬೇರು, ನಾನೂ ಕಾಸ್ಪರನ ಬೇರು. ನಮ್ಮ ಮದುವೆ ಆಗಿರುವುದೇ ಇಲ್ಲ. ನಮಗೆ ಮಕ್ಕಳಿಲ್ಲ; ಇದ್ದಿದ್ದರೆ ಈ ಓಲೆ ಬರೆಯುತ್ತಿರಲಿಲ್ಲ. ಅವನಿಗೆ ಹೇಳಿದಾಗ ಕೈಯಲ್ಲಿದ್ದ ಬಲೆಯ ದಾರ ಕೆಳಗಿಟ್ಟ.

“ಬರೀಬ್ಯಾಡ ಮಂದಾ,” ಅಂದ. “ಎರಡ ವರ್ಷ ಸಿಕ್ಕರ ಸಾಕು. ನಿನ್ನ ಗಂಡ ಆಗಿ ಸಾಯತೀನಿ.”

ಅವನ ಮಾತು ಮೀರಿ ಇದನ್ನು ಕಳಿಸುತ್ತಿದ್ದೇನೆ. ನೀನು ತಿದ್ದಿದರೆ ಅವನು ಈ ಕಣಿವೆಯಲ್ಲಿ ಮುದುಕನಾಗುತ್ತಾನೆ. ಬೇರೆ ಯಾರದೋ ಮನೆಯಲ್ಲಿ ರೊಟ್ಟಿ ತಿನ್ನುತ್ತಾನೆ. ವರ್ಷಕ್ಕೊಮ್ಮೆ ನಮ್ಮ ಬಲೆ ಸರಿಮಾಡಲು ಬಂದಾಗ ನಾನು ಒಂದು ತಂಬಿಗೆ ನೀರು ಕೊಟ್ಟು, ಮೆಲ್ಲಗೆ ಹತ್ತೋ ಅಣ್ಣಾ ಎನ್ನುತ್ತೇನೆ. ಅಣ್ಣಾ ಎಂದು ಕರೆಯುತ್ತೇನೆ, ಅಜ್ಜಿ, ಮತ್ತು ಹಾಗೆ ಕರೆದದ್ದಕ್ಕೆ ನನಗೆ ಏನೂ ಅನ್ನಿಸುವುದಿಲ್ಲ. ಅದಕ್ಕಾಗಿ ನಿನ್ನನ್ನು ನಾನು ಕ್ಷಮಿಸುವುದಿಲ್ಲ. ಆಗ ನನಗೆ ಈ ಸಿಟ್ಟಿನ ನೆನಪೂ ಇರುವುದಿಲ್ಲ, ಹಾಗಾಗಿ ಇವತ್ತೇ ಬರೆದಿಡುತ್ತಿದ್ದೇನೆ.

ಹೋಗು, ಮಿಲ್ಡ್ರೆಡ್‌ಳನ್ನು ಕೇಳು. ತಡಮಾಡಬೇಡ, ಅವನಿಗೆ ಕೆಮ್ಮು ಹೆಚ್ಚಾಗಿದೆ.

ಸದ್ಯಕ್ಕೆ ಟೋಬಿಯಾಸನ ಹೆಂಡತಿ,
ಮಂದಾಕಿನಿ