ತೊಡೆಯ ಮೇಲಿನ ತಾಳ

ಅಪ್ಪಾ,

ಅರ್ಧಕ್ಕೆ ಬಿಟ್ಟಿದ್ದ ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯನ್ನು ಇವತ್ತು ಬರೆದು ಮುಗಿಸಿದೆ. ಓದಿಗಾಗಿ ಬ್ಯಾಂಡಿನಲ್ಲಿ ಡ್ರಮ್ ಬಾರಿಸೋದನ್ನೂ ಭಾನುವಾರ ಬೆಟ್ಟ ಹತ್ತೋದನ್ನೂ ಬಿಡಲಿಲ್ಲ. ಮಗಳು ಏಳದಂತೆ ದಿಂಬಿನ ಮೇಲೆ ಕೋಲು ಬಡಿಯುತ್ತಾ, ಸೂತ್ರಗಳನ್ನು ತಾಳಕ್ಕೆ ಕೂರಿಸಿ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬೆರಳು ತಾನಾಗಿಯೇ ಬೆಂಚು ಬಡಿಯಿತು.

"ಏನಯ್ಯಾ, ಕಚೇರಿ ಶುರು ಮಾಡ್ದ್ಯಾ?" ಎಂದರು ಮೇಷ್ಟ್ರು.

"ಸೂತ್ರ ನೆನಪಾಗ್ಬೇಕಲ್ಲ ಸಾರ್."

"ಹಾಗಾದ್ರೆ ತೊಡೆ ಮೇಲೆ ಬಡ್ಕೋ."

ಬಡಿದುಕೊಂಡೆ. ನೆನಪಾಯಿತು.

ಮನೆಗೆ ಬಂದಾಗ ಬಸುರಿ ಹೆಂಡತಿ ಕೇಳಿದಳು: "ಇನ್ನೊಂದು ಹುಟ್ಟೋದ್ರೊಳಗೆ ಪಾಸಾಗ್ತೀಯಾ?"

"ಎರಡು ಲೆಕ್ಕ ತಪ್ಪಿದೆ. ಆದ್ರೂ ಆಗ್ತೀನಿ."

ಎದೆ ಹಗುರಾಗಿತ್ತು. ಊಟಕ್ಕೆ ಕೂತಾಗ ಮಗಳು ಚಮಚದಿಂದ ತಟ್ಟೆ ಬಡಿಯತೊಡಗಿದಳು. ಚಿಕ್ಕವನಿದ್ದಾಗ ನಾನು ಹೀಗೆ ಬಡಿದರೆ ನೀನು ನನ್ನ ಬೆರಳು ಹಿಡಿದು ನಿಲ್ಲಿಸುತ್ತಿದ್ದೆಯಲ್ಲ, ಹಾಗೇ ಅವಳ ಕೈ ಹಿಡಿಯಹೋದೆ. ಆಮೇಲೆ ನಾನೂ ಒಂದು ಚಮಚ ಎತ್ತಿಕೊಂಡೆ.